ಕರ್ನಾಟಕದ ಬ್ಲೂ ಫ್ಲ್ಯಾಗ್ ಕಡಲತೀರಗಳು

ಉತ್ತರ ಕನ್ನಡ ಜಿಲ್ಲೆಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಕರ್ನಾಟಕದಲ್ಲಿ ಬ್ಲೂ ಫ್ಲ್ಯಾಗ್ (ನೀಲಿ ಧ್ವಜ) ಮಾನ್ಯತೆ ಪಡೆದ ಮೊದಲ ಎರಡು ಕಡಲತೀರಗಳು. 2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ತೀರಗಳಿಗೆ ಒಟ್ಟಿಗೆ ಪ್ರಕಟವಾದ ಮಾನ್ಯತೆಯಲ್ಲಿ ಇವೆರಡೂ ಸೇರಿದ್ದವು. ಮಾನ್ಯತೆಯ ಅವಧಿ ಒಂದು ಋತು ಮಾತ್ರ. ಆದ್ದರಿಂದ ಸರ್ಕಾರ ಮತ್ತು ಸ್ಥಳೀಯರ ನಿರಂತರ ಸಹಕಾರವಿದ್ದಲ್ಲಿ ಮಾತ್ರ ಅದು ಉಳಿಯುತ್ತದೆ.

ಸ್ಥಳ

ಕಾಸರಕೋಡು ಹೊನ್ನಾವರ ತಾಲೂಕಿನಲ್ಲಿ, ಶರಾವತಿ ನದಿಯ ಅಳಿವೆಯ ದಕ್ಷಿಣಕ್ಕಿದೆ. ಪಡುಬಿದ್ರಿಯ ತೀರವು ಕಾಪು ತಾಲೂಕಿನಲ್ಲಿ, ಕಾಮಿನಿ ನದಿಯು ಸಮುದ್ರ ಸೇರುವ ‘ಎಂಡ್ ಪಾಯಿಂಟ್’ ಎಂಬಲ್ಲಿದೆ.

ಮಾನದಂಡಗಳು

ಬ್ಲೂ ಫ್ಲ್ಯಾಗ್ ಯೋಜನೆ 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ಪರಿಸರ ಶಿಕ್ಷಣ ಪ್ರತಿಷ್ಠಾನ ಇದನ್ನು ನಡೆಸುತ್ತದೆ. ಪರಿಸರ ಶಿಕ್ಷಣ, ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಸುರಕ್ಷತೆ ಮತ್ತು ಸೇವೆ ಎಂಬ ನಾಲ್ಕು ವಿಭಾಗಗಳಲ್ಲಿ 33 ಮಾನದಂಡಗಳಿವೆ. ಸ್ನಾನದ ನೀರಿನ ಮಾದರಿಗಳನ್ನು 31 ದಿನಗಳಿಗೆ ಮೀರದ ಅಂತರದಲ್ಲಿ ಸಂಗ್ರಹಿಸಿ, ಮಲಮೂಲದ ಬ್ಯಾಕ್ಟೀರಿಯಾಗಳ ಪ್ರಮಾಣವನ್ನು ಪರೀಕ್ಷಿಸಬೇಕು. ಕಡ್ಡಾಯ ನಿಯಮ ಉಲ್ಲಂಘನೆಯಾದರೆ ಧ್ವಜವನ್ನು ಇಳಿಸಬೇಕಾಗುತ್ತದೆ.

ಸ್ವಚ್ಛತೆಯೆಂದರೆ ತೀರವನ್ನು ಬರಿದುಗೊಳಿಸುವುದೆಂಬ ಅರ್ಥ ಇಲ್ಲಿಲ್ಲ. ತೊಂದರೆಯಾಗದಿದ್ದಲ್ಲಿ, ಅಲೆಗಳು ತಂದು ಹಾಕುವ ಕಡಲಪಾಚಿಯನ್ನು ಸ್ಥಳದಲ್ಲೇ ಬಿಡಬೇಕೆಂಬುದೂ ಒಂದು ಮಾನದಂಡ. ಮರಳನ್ನು ಹಿಡಿದಿಡುವುದಕ್ಕೂ ತೀರದ ಸಣ್ಣ ಜೀವಿಗಳ ಆಹಾರಕ್ಕೂ ಅದು ನೆರವಾಗುತ್ತದೆ.

ನಿರ್ವಹಣೆ

ಕೇಂದ್ರ ಪರಿಸರ ಸಚಿವಾಲಯವು ‘ಬೀಮ್ಸ್’ ಎಂಬ ಕಡಲತೀರ ನಿರ್ವಹಣಾ ಕಾರ್ಯಕ್ರಮದಡಿ ಶೌಚಾಲಯ, ತ್ಯಾಜ್ಯ ನೀರಿನ ಶುದ್ಧೀಕರಣ ಘಟಕ, ಸೌರ ವಿದ್ಯುತ್ತು, ಅಂಗವಿಕಲರಿಗೆ ಅನುಕೂಲವಾಗುವ ದಾರಿ ಮೊದಲಾದ ಸೌಕರ್ಯಗಳನ್ನು ರೂಪಿಸಿತು. ಸ್ಥಳೀಯ ಮಟ್ಟದಲ್ಲಿ ಜಿಲ್ಲಾಡಳಿತದ ನೇತೃತ್ವದ ಕಡಲತೀರ ನಿರ್ವಹಣಾ ಸಮಿತಿ ಮೇಲ್ವಿಚಾರಣೆ ನಡೆಸುತ್ತದೆ. ಕಸ ವಿಂಗಡಣೆ, ಜೀವರಕ್ಷಕರ ಕಾವಲು, ಸ್ವಚ್ಛತೆ ಇವು ದಿನನಿತ್ಯ ನಡೆಯಬೇಕಾದ ಕೆಲಸಗಳು. ಪ್ರತಿ ಋತುವಿನಲ್ಲಿ ಕನಿಷ್ಠ ಐದು ಪರಿಸರ ಶಿಕ್ಷಣ ಚಟುವಟಿಕೆಗಳು ನಡೆಯಬೇಕೆಂಬ ನಿಯಮವಿರುವುದರಿಂದ, ಶಾಲಾ ಮಕ್ಕಳಿಗೂ ಇಲ್ಲಿ ಪಾಲ್ಗೊಳ್ಳುವ ಅವಕಾಶವಿದೆ.

ಸಮುದಾಯ ಮತ್ತು ಸವಾಲುಗಳು

ಕರಾವಳಿಯ ಮೀನುಗಾರರಿಗೆ ಮರಳದಂಡೆಯೇ ಕೆಲಸದ ಅಂಗಳ. ಕೈರಂಪಣಿಯಂತಹ ಬಲೆಗಳನ್ನು ದಡದಲ್ಲಿ ನಿಂತೇ ಎಳೆಯಬೇಕು. ದೋಣಿ ನಿಲ್ಲಿಸಲು, ಮೀನು ಒಣಗಿಸಲು ಬಯಲು ಬೇಕು. ಪ್ರವಾಸಿಗರಿಗಾಗಿ ಮೀಸಲಾದ ಪ್ರದೇಶ ಹಿಗ್ಗಿದಷ್ಟೂ ಈ ಬಯಲು ಕುಗ್ಗುವ ಸಂಭವವಿದೆ. ಹೊನ್ನಾವರದ ತೀರದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿಯ ದೀಪಗಳು ಮರಿಗಳ ದಿಕ್ಕು ತಪ್ಪಿಸಬಲ್ಲವು. ಮುಂಗಾರಿನ ಕಡಲ್ಕೊರೆತವೂ ನದಿಗಳು ಹೊತ್ತು ತರುವ ಪ್ಲಾಸ್ಟಿಕ್ ತ್ಯಾಜ್ಯವೂ ತೀರದ ಗಡಿಯೊಳಗಿನ ಕ್ರಮಗಳಿಂದಷ್ಟೇ ಪರಿಹಾರವಾಗುವಂಥವಲ್ಲ. ಇವುಗಳಿಗೆ ನದಿಯ ಮೇಲ್ಭಾಗದ ಪಟ್ಟಣ ಹಾಗೂ ಗ್ರಾಮ ಪಂಚಾಯಿತಿಗಳ ಸಹಭಾಗಿತ್ವವೂ ಅಗತ್ಯ.