ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಗಾಳಿ ಬೀಸಿದಷ್ಟು ಗಂಟೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. ಈ ಲೆಕ್ಕ ಎಂದಿಗೂ ಬದಲಾಗದು. ಆದರೆ ವಿಮಾನಗಳು ಹಾರುವ ದೂರ ಅದಕ್ಕಿಂತ ಹೆಚ್ಚು. ಹೋಗುವಾಗ ಹಿಡಿಯುವ ಹೊತ್ತು ಬರುವಾಗ ಸಾಲದು.

ಗೋಡೆಯ ಭೂಪಟ ನೋಡಿದರೆ ಅಮೆರಿಕಕ್ಕೆ ಯುರೋಪ್, ಅಟ್ಲಾಂಟಿಕ್ ದಾಟಿಯೇ ಹೋಗಬೇಕು ಅನಿಸುತ್ತದೆ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿಹಿಡಿದು ನೋಡಿ: ಅದು ಟಿಬೆಟ್, ಚೀನಾ, ಸೈಬೀರಿಯ, ಅಲಾಸ್ಕಗಳ ಮೇಲೆ ಹಾಯುತ್ತದೆ. ಹತ್ತಿರದ ದಾರಿ ಅದೇ. ಆದರೆ ಅಲ್ಲಿ ಮೊದಲ ತೊಡಕು ಟಿಬೆಟ್. ಕ್ಯಾಬಿನ್ ಒತ್ತಡ ಕುಸಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಸಾಮಾನ್ಯವಾಗಿ ಸುತ್ತುಬಳಸು. ಎರಡನೆಯದು ರಾಜಕೀಯ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಭಾರತದ ವಿಮಾನಗಳಿಗೆ ಆ ನಿರ್ಬಂಧವಿಲ್ಲ.

ಎಲ್ಲಕ್ಕಿಂತ ದೊಡ್ಡ ಯಜಮಾನ ಗಾಳಿ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹಲವೊಮ್ಮೆ ಗಂಟೆಗೆ 200 ಕಿ.ಮೀ. ವೇಗ ಮೀರುತ್ತದೆ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 14,000 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ 14 ಗಂಟೆ ಸಾಕು; ಅದೇ ಗಾಳಿ ಎದುರಾದರೆ ಹದಿನೇಳೂವರೆ. ಇಂಧನದ ಲೆಕ್ಕವೂ ಹಾಗೆಯೇ ಏರುತ್ತದೆ: ಹೆಚ್ಚುವರಿ ಇಂಧನ ಹೊರಲೂ ಇಂಧನ ಸುಡಬೇಕು.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777, ಪೆಸಿಫಿಕ್ ಮೇಲಿನ ಎದುರುಗಾಳಿಗೆ ಸಿಗದೆ ಉತ್ತರ ಧ್ರುವದ ಮೇಲಿಂದ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಧ್ರುವದ ದಾರಿಯಲ್ಲಿ ಚಳಿಯದೇ ಚಿಂತೆ. ಅಮೆರಿಕದಲ್ಲಿ ತುಂಬಿಸುವ ‘ಜೆಟ್ ಎ’ ಇಂಧನದ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ಟ್ಯಾಂಕ್‌ನ ತಾಪಮಾನ ಆ ಮಟ್ಟದ ಹತ್ತಿರ ಬಂದರೆ ಪೈಲಟ್‌ಗಳು ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಇಳಿಯುತ್ತಾರೆ. ಆ ವಿಮಾನ ಬೆಂಗಳೂರಿಗೆ ಇಳಿದದ್ದು ಸುಮಾರು 17 ಗಂಟೆಗಳ ಬಳಿಕ, ಜನವರಿ 11ರ ನಸುಕಿನಲ್ಲಿ.

ತಾರೀಕಿನ ಈ ಜಿಗಿತ ಗಡಿಯಾರದ ಆಟ. ಎರಡೂ ಊರುಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಚಳಿಗಾಲದ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನದ ಸಂಜೆ 4.30! ಹೋಗುವಾಗ ಸಿಕ್ಕಿದ್ದನ್ನು ಬರುವಾಗ ಬಡ್ಡಿಸಮೇತ ಕಟ್ಟಬೇಕು. ಅಲ್ಲಿಂದ ಬರುವ ಮಗಳನ್ನೋ ಮೊಮ್ಮಕ್ಕಳನ್ನೋ ಕರೆತರಲು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹೇಳುವವರು ಟಿಕೆಟ್‌ನಲ್ಲಿ ಹೊರಡುವ ತಾರೀಕನ್ನಲ್ಲ, ಇಳಿಯುವ ತಾರೀಕನ್ನು ನೋಡಿಕೊಳ್ಳಿ. ರಾತ್ರಿ ಹೊರಟ ವಿಮಾನವಾದರೆ ಒಂದಲ್ಲ, ಎರಡು ದಿನ ಕೂಡಿಸಬೇಕಾದೀತು.