ಒಂದೇ ಚಿತ್ರ, ಎರಡು ಲಿಪಿ

ಲೇಪಾಕ್ಷಿಯ ವೀರಭದ್ರಸ್ವಾಮಿ ಗುಡಿಯ ಕಲ್ಲಿನಲ್ಲಿ ಒಂದು ಹಸು ಇದೆ. ಮೈ ಒಂದೇ, ತಲೆ ಮೂರು. ಎರಡು ತಲೆಗಳನ್ನು ಅಂಗೈಯಿಂದ ಮರೆಮಾಡಿದರೆ ಅದು ಊರಲ್ಲಿ ದಿನಾ ಕಾಣುವ ಹಸು. ಕೈ ಸರಿಸಿ ಬೇರೆ ಎರಡನ್ನು ಮುಚ್ಚಿದರೆ ಅದೇ ಹಸುವಿಗೆ ಬೇರೆ ಭಂಗಿ, ಬೇರೆ ಮನಸ್ಸು. ಮಡಕಶಿರದ ಕಡೆಯಿಂದ ಹಿಂದೂಪುರ ದಾಟಿ ಬರುವ ಮಕ್ಕಳಿಗೆ ಗುಡಿಯ ನೇತಾಡುವ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುವ ಆಟ ಮುಗಿದ ಮೇಲೆ ಈ ಹಸುವನ್ನು ತೋರಿಸಬೇಕು. ಅದನ್ನು ಕೆತ್ತಿದವನ ಹೆಸರು ಉಳಿದಿಲ್ಲ, ಆಟ ಉಳಿದಿದೆ.

ಅಲ್ಲೇ ಕತ್ತೆತ್ತಿದರೆ ಮೇಲ್ಛಾವಣಿಯ ತುಂಬ ಚಿತ್ರ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1530ರ ದಶಕದ ಹೊತ್ತಿಗೆ, ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ಗುಡಿ ಇದು. ಕಾವಿ, ಹಳದಿ, ಹಸಿರು, ಸುಣ್ಣದ ಬಿಳಿ, ಮಸಿಯ ಕಪ್ಪು: ನೆಲದಿಂದ ಎದ್ದು ಬಂದಂಥ ಬಣ್ಣಗಳು. ಸುತ್ತಲೂ ಗಟ್ಟಿ ಕಪ್ಪು ಗೆರೆ. ಅರ್ಜುನನೂ ಕಿರಾತನೂ ಒಂದೇ ಹಂದಿಗೆ ಬಾಣ ಹೂಡಿದ್ದಾರೆ. ಇನ್ನೊಂದು ಕಡೆ ಪ್ರಳಯದ ನೀರು, ನೀರಿನ ಮೇಲೆ ಆಲದೆಲೆ, ಎಲೆಯ ಮೇಲೆ ಕಾಲ್ಬೆರಳು ಚೀಪುತ್ತಾ ಮಲಗಿದ ಕೂಸು. ನೀವು ಎತ್ತ ಸರಿದರೂ ಆ ಕೂಸಿನ ಕಣ್ಣು ನಿಮ್ಮತ್ತಲೇ ಬಂದಂತೆ ಕಾಣುತ್ತದೆ. ಲೋಕವೆಲ್ಲ ಮುಳುಗಿರುವಾಗ ಎಲೆಯೊಂದು ತೇಲುವುದಕ್ಕಿಂತ ದೊಡ್ಡ ಕನಸನ್ನು ಯಾರು ಬರೆದಾರು?

ಇಂದಿನ ಚಿತ್ರಕಾರರ ಕೆಲಸ ಮೊಬೈಲ್ ಪರದೆಯ ಮೇಲೆ ಸುಳಿದಾಗಲೆಲ್ಲ ನನಗೆ ಆ ಛಾವಣಿ ನೆನಪಾಗುತ್ತದೆ. ಮೋಡದ ಮೇಲೆ ಹುಟ್ಟು ಹಾಕುವ ಹುಡುಗಿ, ಮನೆಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ಆಮೆ, ಬೀದಿ ದೀಪಗಳ ನಡುವೆ ಈಜುವ ಮೀನು. ಇಂಥ ಚಿತ್ರಗಳನ್ನು ನೋಡಿದವರು ಇದು ಹೊಸ ಕಾಲದ, ಹೊರಗಿನ ಊರುಗಳ ಕಲೆ ಎಂದುಕೊಳ್ಳುತ್ತಾರೆ. ಆಂಧ್ರ, ಕರ್ನಾಟಕಗಳ ಗಡಿಯ ರಾಯದುರ್ಗ, ಮಡಕಶಿರದ ಸೀಮೆಯಲ್ಲಿ ನಿಂತು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಕನಸನ್ನು ಗೆರೆಯಲ್ಲಿ ಹಿಡಿಯುವ ಕೆಲಸ ಇಲ್ಲಿ ಹಳೆಯದು. ಅದರ ಅಗತ್ಯವೂ ಇಲ್ಲಿ ಬೇರೆಡೆಗಿಂತ ಹೆಚ್ಚು.

ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅತ್ತ ಸೇರಿತು. ಬಳ್ಳಾರಿ ಇತ್ತ ಉಳಿಯಿತು. ಮಡಕಶಿರದ್ದು ಇನ್ನೂ ಹಳೆಯ ಕಥೆ. ಅಮರಾಪುರದ ಬಳಿಯ ಹೇಮಾವತಿಯೇ ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು. ಅಗಳಿ, ರೊಳ್ಳ, ಗುಡಿಬಂಡೆಯ ಕಡೆ ಇವತ್ತಿಗೂ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ನಿಂತಿತು. ಗೆರೆಗಳು ಹೀಗೆ ಮೇಲಿಂದ ಮೇಲೆ ಬದಲಾದ ನೆಲದಲ್ಲಿ ಮಗುವೊಂದು ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನ ಬೋರ್ಡನ್ನು ತೆಲುಗಿನಲ್ಲಿ ಓದಬೇಕು. ಎರಡೂ ಲಿಪಿ ಅಕ್ಕತಂಗಿಯರು, ನಿಜ. ಆದರೂ ತಲೆಕಟ್ಟು ಬೇರೆ.

ಚಿತ್ರಕ್ಕೆ ಈ ತೊಡಕಿಲ್ಲ. ತೆಲುಗಿನ ‘ಬೊಮ್ಮ’ ಎಂಬ ಒಂದೇ ಮಾತಿಗೆ ಚಿತ್ರವೆಂದೂ ಅರ್ಥ, ಗೊಂಬೆಯೆಂದೂ ಅರ್ಥ. ಕನ್ನಡದಲ್ಲಿ ನಾವು ಎರಡನ್ನೂ ಬೇರೆ ಮಾಡಿಕೊಂಡಿದ್ದೇವೆ. ಚಿತ್ರವನ್ನು ಅಕ್ಷರದ ಹಾಗೆ ‘ಬರೆಯುತ್ತೇವೆ’. ಈ ಸೀಮೆಯ ದೊಡ್ಡ ಕಲೆಯನ್ನು ನೋಡಿದರೆ ತೆಲುಗಿನ ಮಾತೇ ಹೆಚ್ಚು ಒಪ್ಪುತ್ತದೆ. ತೊಗಲುಗೊಂಬೆ ಚಿತ್ರವೂ ಹೌದು, ಗೊಂಬೆಯೂ ಹೌದು.

ಧರ್ಮಾವರದ ಬಳಿಯ ನಿಮ್ಮಲಕುಂಟೆ ತೊಗಲುಗೊಂಬೆಯವರ ಊರು. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸುತ್ತಾರೆ. ಹದವಾದ ಚರ್ಮ ಎಣ್ಣೆ ಸವರಿದ ಕಾಗದದ ಹಾಗೆ ಬೆಳಕನ್ನು ಒಳಗೆ ಬಿಡುತ್ತದೆ. ಅದರ ಮೇಲೆ ಗೆರೆ ಎಳೆದು, ಎರಡೂ ಮಗ್ಗುಲಿಗೆ ಬಣ್ಣ ತುಂಬಿ, ಒಡವೆ ಬರುವ ಕಡೆಯಲ್ಲೆಲ್ಲ ಸಣ್ಣ ಉಳಿಯಿಂದ ತೂತು ಹೊಡೆಯುತ್ತಾರೆ. ಸೀತೆಯ ಡಾಬು, ರಾವಣನ ಕಿರೀಟ, ಹನುಮಂತನ ಸರ ಎಲ್ಲವೂ ತೂತುಗಳೇ. ಹಗಲಲ್ಲಿ ಕೈಯಲ್ಲಿ ಹಿಡಿದರೆ ಕಾಣುವುದು ಖಾಲಿ ಜಾಗ. ರಾತ್ರಿ ಪರದೆಯ ಹಿಂದೆ ದೀಪ ಹೊತ್ತಿಸಿದರೆ ಆ ಖಾಲಿಯೇ ಚಿನ್ನವಾಗುತ್ತದೆ. ಇಲ್ಲದ್ದನ್ನು ಕೊರೆದು ಇರುವುದನ್ನಾಗಿ ತೋರಿಸುವ ಈ ಲೆಕ್ಕಾಚಾರವೇ ನನ್ನನ್ನು ಬೆರಗುಗೊಳಿಸುವುದು. ಉಳಿ ಒಂದು ಎಳೆ ಜಾರಿದರೆ ಚರ್ಮ ಹರಿಯುತ್ತದೆ, ಕನಸೂ ಹರಿಯುತ್ತದೆ. ಕನಸಿನ ಚಿತ್ರ ಮನಸ್ಸಿಗೆ ಬಂದಂತೆ ಗೀಚಿದ್ದು ಎಂದು ನಂಬಿದವರು ಒಮ್ಮೆ ಆ ಊರಿನ ಜಗಲಿಯ ಮೇಲೆ ಕೂತು ನೋಡಬೇಕು.

ಈ ಗೊಂಬೆಯವರ ಹಿರಿಯರು ಮರಾಠಿ ಸೀಮೆಯಿಂದ ಬಂದವರು. ಮನೆಯಲ್ಲಿ ಈಗಲೂ ಮರಾಠಿಯ ಬಳುವಳಿಯ ಮಾತು. ಪರದೆಯ ಮುಂದೆ ಅತ್ತ ತೆಲುಗು, ಇತ್ತ ಕನ್ನಡ. ನಗಿಸಲು ಬರುವ ಬಂಗಾರಕ್ಕ ಎರಡೂ ಕಡೆಯ ಆಟದಲ್ಲಿ ಇದ್ದಾಳೆ. ಅವಳ ಗಂಡನ ಹೆಸರಾದ ಕಿಳ್ಳೇಕ್ಯಾತ ಕನ್ನಡ ಸೀಮೆಯಲ್ಲಿ ಆಡಿಸುವವರ ಸಮುದಾಯದ ಹೆಸರೇ ಆಗಿಹೋಯಿತು. ನಿಮ್ಮಲಕುಂಟೆಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇತ್ತ ಬಳ್ಳಾರಿಯಲ್ಲಿ ನಾಟಕದ ಹಿನ್ನೆಲೆಯಿಂದ ಬಂದ ಬೆಳಗಲ್ಲು ವೀರಣ್ಣ ಅವರು ರಾಮಾಯಣದ ಜೊತೆಗೆ ಗಾಂಧೀಜಿಯನ್ನೂ ತೊಗಲಿನಲ್ಲಿ ಕೊರೆಸಿ ಪರದೆಗೆ ತಂದರು. 2023ರಲ್ಲಿ ಅವರು ತೀರಿಕೊಂಡರು. ರಾತ್ರಿಯಿಡೀ ಆಟ ನೋಡುವವರು ಈಗ ಕಡಿಮೆ. ನಿಮ್ಮಲಕುಂಟೆಯ ಕೈಗಳು ದೀಪದ ಹೊದಿಕೆ, ಗೋಡೆಗೆ ತೂಗುಹಾಕುವ ಚಿತ್ರ, ಬಾಗಿಲ ತೆರೆ ಮಾಡುತ್ತಿವೆ. ಇದನ್ನು ಕಲೆಯ ಇಳಿತ ಎಂದು ಮರುಗುವವರ ಜೊತೆ ನಾನಿಲ್ಲ. ದುಂಡನೆಯ ಹೊದಿಕೆಯ ಸುತ್ತ ಬಳಸಿ ಹೋಗುವ ನವಿಲಿಗೆ ಆದಿಯೂ ಇಲ್ಲ, ಕೊನೆಯೂ ಇಲ್ಲ; ಸಪಾಟಾದ ಪರದೆಯ ಮೇಲೆ ಅದು ಸಾಧ್ಯವಿರಲಿಲ್ಲ. ಅವರೂ ನಮ್ಮ ಕಾಲದ ಚಿತ್ರಕಾರರೇ. ಆ ಹೆಸರಿನಿಂದ ಅವರನ್ನು ಕರೆಯುವುದಿಲ್ಲ, ಅಷ್ಟೇ.

ಇನ್ನು ಚಂದಮಾಮ. 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟ ಪತ್ರಿಕೆ ಮರುವರ್ಷ ಕನ್ನಡಕ್ಕೂ ಬಂತು. ಹೊರತಂದ ಬಿ. ನಾಗಿರೆಡ್ಡಿ ರಾಯಲಸೀಮೆಯವರು, ಕಡಪ ಜಿಲ್ಲೆಯವರು. ಚಿತ್ರಗಳು ಎಲ್ಲ ಭಾಷೆಗೂ ಒಂದೇ, ಸುತ್ತಲಿನ ಅಕ್ಷರ ಮಾತ್ರ ಬೇರೆ. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರು. ಜಿಂಕೆಗಣ್ಣಿನ ಹೆಂಗಸರನ್ನು ಬಣ್ಣದಲ್ಲಿ ಅದ್ದಿ ತೆಗೆದ ವಡ್ಡಾದಿ ಪಾಪಯ್ಯ ಶ್ರೀಕಾಕುಳದ ತೆಲುಗರು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನನ್ನು ನಮ್ಮೆಲ್ಲರ ಕಣ್ಣಲ್ಲಿ ನಿಲ್ಲಿಸಿದ ಶಂಕರ್ ತಮಿಳರು. 2020ರಲ್ಲಿ ತೀರಿಕೊಂಡರು. ಕನ್ನಡ ಚಂದಮಾಮ ಓದುವ ಮಗುವೂ ತೆಲುಗು ಚಂದಮಾಮ ಓದುವ ಪಕ್ಕದ ಮನೆಯ ಮಗುವೂ ಹೆದರುತ್ತಿದ್ದದ್ದು ಅದೇ ಬೇತಾಳನಿಗೆ. ಗಡಿಯೂರಿಗೆ ಇದಕ್ಕಿಂತ ತಕ್ಕ ಪತ್ರಿಕೆ ಇನ್ನೊಂದು ಬಂದಿಲ್ಲ.

ಒಂದೇ ಚಿತ್ರಕ್ಕೆ ಹಲವು ಲಿಪಿ ಎಂಬ ಆ ಪದ್ಧತಿ ಬೇರೆ ರೂಪದಲ್ಲಿ ಮರಳಿ ಬಂದಿರುವುದು ನನಗೆ ನಿಜವಾದ ಸಂತೋಷ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ತಾಣ ತೆರೆದು ಮಕ್ಕಳ ಚಿತ್ರಪುಸ್ತಕಗಳನ್ನು ಪುಕ್ಕಟೆ ಓದಲು, ಅನುವಾದಿಸಲು ಬಿಟ್ಟಿತು. ಅಲ್ಲಿ ರಾಜೀವ್ ಐಪ್ ಬರೆದ ಅಮ್ಮಚ್ಚಿಯ ಯಂತ್ರಗಳ ಕಥೆಯಿದೆ. ಮೊಮ್ಮಗನಿಗೆ ಕೊಬ್ಬರಿ ಮಿಠಾಯಿ ಮಾಡಿಕೊಡಲು ಅಜ್ಜಿ ರಾಟೆ, ಸನ್ನೆ, ಇಳಿಜಾರು ಹಲಗೆಗಳನ್ನು ಹೂಡುತ್ತಾಳೆ. ತೆಂಗಿನಕಾಯಿ ಕೀಳುವುದು ದಿನದ ಕೆಲಸ. ಆ ಪುಟಗಳಲ್ಲಿ ಅದು ಜಾತ್ರೆ. ಪ್ರಿಯಾ ಕುರಿಯನ್ ಅವರ ಇನ್ನೊಬ್ಬಳು ಅಮ್ಮಚ್ಚಿ ಕನ್ನಡಕ ಕಳೆದುಕೊಂಡು ಮನೆ, ಅಂಗಳವನ್ನೆಲ್ಲ ತಲೆಕೆಳಗು ಮಾಡುತ್ತಾಳೆ. ಚೆನ್ನೈನ ತೂಲಿಕಾ ಹೊರತಂದ ಆ ಪುಸ್ತಕದಲ್ಲಿ ಕಥೆ ಹೇಳುವ ಮಾತೇ ಇಲ್ಲ, ಎಲ್ಲವೂ ಚಿತ್ರ. ರೊಳ್ಳದ ಹುಡುಗನಿಗೂ ಕಲ್ಯಾಣದುರ್ಗದ ಹುಡುಗಿಗೂ ಅದು ಸಮಾನವಾಗಿ ತೆರೆದುಕೊಳ್ಳುತ್ತದೆ.

ದೂರದ ಒಂದು ಪುಸ್ತಕವನ್ನೂ ಹೇಳಬೇಕು. ಆಸ್ಟ್ರೇಲಿಯಾದ ಶಾನ್ ಟಾನ್ 2006ರಲ್ಲಿ ‘ದಿ ಅರೈವಲ್’ ತಂದರು. ಮಾತಿಲ್ಲದ ಆ ಪುಸ್ತಕದಲ್ಲಿ ಒಬ್ಬಾತ ಹೆಂಡತಿ ಮಗಳನ್ನು ಬಿಟ್ಟು ಪರದೇಶಕ್ಕೆ ಹೋಗುತ್ತಾನೆ. ಅಲ್ಲಿನ ಹಕ್ಕಿ, ಹಣ್ಣು, ಮನೆ ಎಲ್ಲವೂ ಕಂಡರಿಯದ್ದು. ಬೋರ್ಡುಗಳ ಲಿಪಿಯನ್ನು ಶಾನ್ ಟಾನ್ ತಾವೇ ಕಲ್ಪಿಸಿದ್ದಾರೆ, ಓದುಗನೂ ಅವನಷ್ಟೇ ದಿಕ್ಕೆಡಲಿ ಎಂದು. ಊರು ಬಿಡದೆಯೂ ಓದಲಾಗದ ಬೋರ್ಡುಗಳ ನಡುವೆ ನಿಲ್ಲಬೇಕಾಗಿ ಬಂದ ನಮ್ಮ ಅಜ್ಜಿಯರಿಗೆ ಆ ಪುಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ನನಗೊಂದು ಪುಸ್ತಕ ಬೇಕು. ಗೆರೆ ನಿಮ್ಮಲಕುಂಟೆಯವರದು, ಕಥೆ ಬಂಗಾರಕ್ಕನದು, ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ತೆಲುಗು. ಮೊದಲ ಹಾಳೆ ಪೂರ್ತಿ ಕಪ್ಪು, ನಡುವೆ ಉಳಿಯ ಮೊನೆಯಷ್ಟು ಸಣ್ಣ ತೂತುಗಳು. ಅಗಳಿಯ ಶಾಲೆಯ ಮಗುವೊಂದು ಆ ಹಾಳೆಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಾಗ ಬಂಗಾರಕ್ಕನ ಮೂಗುತಿ ಹೊತ್ತಿಕೊಳ್ಳಬೇಕು.