ಹಿತ್ತಿಲಲ್ಲಿ ಕೋಳಿ ಸಾಕೋಣ



ಕೋಳಿ ಸಾಕೋದು ನಮಗೆ ಹೊಸದಲ್ಲ. ನಮ್ಮ ಅಜ್ಜಿ ಸಾಕಿದ್ದಳು. ನಮ್ಮ ಅಮ್ಮ ಸಾಕಿದ್ದಳು. ಬೆಳಿಗ್ಗೆ ಎದ್ದು ಮಂಕರಿ ಎತ್ತುವುದು. ಒಂದು ಹಿಡಿ ನುಚ್ಚು ಚೆಲ್ಲುವುದು. ಸಂಜೆ ಮತ್ತೆ ಮಂಕರಿ ಕವುಚುವುದು. ಇಷ್ಟೇ ಕೆಲಸ ಅಂತ ನಾವು ತಿಳಿದಿದ್ದೆವು.

ಆದರೆ ಲೆಕ್ಕ ಹಾಕಿ ನೋಡಿ. ಹ್ಯಾಟೆ ಕೋಳಿ ಹತ್ತು ಪಿಳ್ಳೆ ಮಾಡುತ್ತದೆ. ಅದರಲ್ಲಿ ದೊಡ್ಡದಾಗುವುದು ಎಷ್ಟು? ಎರಡೋ, ಮೂರೋ. ಉಳಿದವು ಎಲ್ಲಿ ಹೋದವು? ಹದ್ದು ಒಯ್ಯಿತು. ಬೆಕ್ಕು ಹಿಡಿಯಿತು. ಚಳಿಗೆ ಸತ್ತವು. ರೋಗ ಬಂದು ಸತ್ತವು. "ಅದರ ಆಯಸ್ಸು ಅಷ್ಟೇ" ಅಂತ ನಾವು ಸುಮ್ಮನಾದೆವು.

ಆಯಸ್ಸು ಅಷ್ಟೇ ಅಲ್ಲ ಅಕ್ಕ. ನಮಗೆ ತಿಳಿದದ್ದು ಅಷ್ಟೇ.

ಆ ರಾತ್ರಿ ಏನಾಯಿತು?

ಎರಡು ವರ್ಷದ ಹಿಂದಿನ ಮಳೆಗಾಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಸಂಘದಲ್ಲಿ ಸಾಲ ತೆಗೆದರು. ಇಪ್ಪತ್ತು ಗಿರಿರಾಜ ಪಿಳ್ಳೆ ತಂದರು. ಮಗಳನ್ನು ಕಾಲೇಜಿಗೆ ಸೇರಿಸಬೇಕು, ಫೀಸಿಗೆ ಆಗುತ್ತದೆ ಅಂತ ಅವರ ಆಸೆ.

ಮೂರನೇ ದಿನ ರಾತ್ರಿಯಿಡೀ ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಹದಿಮೂರು ಪಿಳ್ಳೆ ಸತ್ತಿದ್ದವು. ಒಂದರ ಮೇಲೊಂದು ಮುದುಡಿ ಬಿದ್ದಿದ್ದವು. ಪಕ್ಕದ ಮನೆಯವರು "ಯಾರದೋ ಕಣ್ಣು ಬಿತ್ತು" ಅಂದರು. ಅತ್ತೆ "ನಿನ್ನ ಕೈಗುಣವೇ ಹಾಗೆ" ಅಂದರು.

ಸಂಜೆ ಅಕ್ಕ ಕೇಂದ್ರಕ್ಕೆ ಬಂದರು. ಪುಸ್ತಕ ತೆಗೆಯಲಿಲ್ಲ. ಗೋಡೆಗೆ ಒರಗಿ ಕೂತರು. "ಬಲ್ಬು ಹಾಕಿದ್ದೆ ಟೀಚರಮ್ಮ. ರಾತ್ರಿಯೆಲ್ಲ ಬೆಳಕು ಇತ್ತು" ಅಂದರು.

ನಾವೆಲ್ಲ ಅವರ ಮನೆಗೆ ಹೋದೆವು. ಬಲ್ಬಿನ ಕೆಳಗೆ ಕೈ ಹಿಡಿದು ನೋಡಿದೆವು. ಕೈ ಬೆಚ್ಚಗಾಗಲಿಲ್ಲ. ಅದು ಎಲ್‌ಇಡಿ ಬಲ್ಬು. ಬೆಳಕು ಇತ್ತು, ಬಿಸಿ ಇರಲಿಲ್ಲ.

ತಪ್ಪು ನಮ್ಮದೂ ಇತ್ತು. "ಬಲ್ಬು ಹಾಕಿ" ಅಂತ ಪಾಠದಲ್ಲಿ ಹೇಳಿದವರು ನಾವೇ. ಯಾವ ಬಲ್ಬು ಅಂತ ಹೇಳಿರಲಿಲ್ಲ. ಅರ್ಧ ಹೇಳಿದ ಮಾತು ಹದಿಮೂರು ಪಿಳ್ಳೆ ತಿಂದಿತು.

ಉಳಿದ ಏಳನ್ನು ಮಂಕರಿಯಲ್ಲಿ ಹಾಕಿ ಒಲೆಯ ಹತ್ತಿರ ಬೆಚ್ಚಗೆ ಇಟ್ಟೆವು. ಏಳೂ ಉಳಿದವು. ಮಾರನೇ ದಿನ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರನ್ನು ಕೇಳಿ ಕೇಳಿ ಬರೆದುಕೊಂಡೆವು. ಆಮೇಲೆ ನಾವೇ ಸಾಕಿ ನೋಡಿದೆವು. ಅದನ್ನೆಲ್ಲ ಇಲ್ಲಿ ಪೂರ್ತಿಯಾಗಿ ಹೇಳುತ್ತೇವೆ.

ಯಾವ ಕೋಳಿ ಒಳ್ಳೆಯದು?

ನಮ್ಮ ನಾಟಿ ಕೋಳಿ ಗಟ್ಟಿ ಜೀವ. ತಾನೇ ಮೇಯುತ್ತದೆ. ಹದ್ದು ಕಂಡರೆ ಅಡಗುತ್ತದೆ. ಕಾವಿಗೆ ಕೂತು ಮರಿ ಮಾಡುತ್ತದೆ. ಆದರೆ ಮೊಟ್ಟೆ ಕಡಿಮೆ. ವರ್ಷಕ್ಕೆ 50ರಿಂದ 70.

ಗಿರಿರಾಜ ಕೋಳಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದರು. ಹಿತ್ತಿಲಲ್ಲಿ ಸಾಕುವುದಕ್ಕೆ ಅಂತಲೇ ಮಾಡಿದ ತಳಿ ಇದು. ಬಣ್ಣ ಬಣ್ಣದ ಪುಕ್ಕ. ಬೇಗ ತೂಕ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಸುಮಾರು 130 ಮೊಟ್ಟೆ ಇಡುತ್ತದೆ. ಸ್ವರ್ಣಧಾರಾ ಅನ್ನುವ ತಳಿಯೂ ಅಲ್ಲಿಯದೇ. ಅದು ಇನ್ನೂ ಹೆಚ್ಚು ಮೊಟ್ಟೆ ಇಡುತ್ತದೆ.

ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ ಅಂತಲೇ ತಿಳಿಯಿರಿ. ಮೈ ಭಾರ, ನಾಟಿ ಕೋಳಿಯಂತೆ ಹಾರಿ ತಪ್ಪಿಸಿಕೊಳ್ಳುವುದಿಲ್ಲ. ಆದ್ದರಿಂದ ಪಿಳ್ಳೆಯನ್ನು ಕೊಂಡು ತಂದು, ನಾವೇ ತಾಯಿಯಾಗಿ ಸಾಕಬೇಕು.

ಪಿಳ್ಳೆ ಬರುವ ಮೊದಲು

ಪಿಳ್ಳೆ ತಂದ ಮೇಲೆ ಜಾಗ ಹುಡುಕಬೇಡಿ. ಎರಡು ದಿನ ಮೊದಲೇ ಸಿದ್ಧ ಮಾಡಿ.

ಮನೆಯೊಳಗೆ ಒಂದು ಮೂಲೆ ಗುಡಿಸಿ. ಸುಣ್ಣ ಬಳಿಯಿರಿ. ನೆಲದ ಮೇಲೆ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹರಡಿ. ಅದರ ಮೇಲೆ ಹಳೇ ಪೇಪರ್ ಹಾಸಿ. ಪೇಪರ್ ದಿನಾ ಬದಲಾಯಿಸಿ. ನಾಲ್ಕು ದಿನದ ಮೇಲೆ ತೆಗೆದುಬಿಡಿ.

ಸುತ್ತಲೂ ರಟ್ಟು ಅಥವಾ ಬಿದಿರಿನ ತಟ್ಟಿ ಗುಂಡಗೆ ನಿಲ್ಲಿಸಿ. ಮೂಲೆ ಇರಬಾರದು. ಮೂಲೆ ಇದ್ದರೆ ಪಿಳ್ಳೆ ಅಲ್ಲಿಗೆ ಹೋಗಿ ಒಂದರ ಮೇಲೊಂದು ಬೀಳುತ್ತವೆ. ಕೆಳಗೆ ಸಿಕ್ಕಿದ್ದು ಉಸಿರು ಕಟ್ಟಿ ಸಾಯುತ್ತದೆ.

ಇಪ್ಪತ್ತು ಪಿಳ್ಳೆಗೆ 60 ಕ್ಯಾಂಡಲ್‌ನ ಹಳೇ ಕಾಲದ ತಂತಿ ಬಲ್ಬು ಬೇಕು. ನೆಲದಿಂದ ಒಂದು ಅಡಿ ಮೇಲೆ ಕಟ್ಟಿ. ಗಟ್ಟಿ ಸರಪಳಿಯಲ್ಲಿ ಕಟ್ಟಿ. ಬಲ್ಬು ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಎಲ್‌ಇಡಿ ಬಲ್ಬು ಬೇಡವೇ ಬೇಡ. ಪಿಳ್ಳೆ ಬಿಡುವ ಮೊದಲು ನಿಮ್ಮ ಕೈ ಹಿಡಿದು ನೋಡಿ. ಕೈ ಬೆಚ್ಚಗಾಗಬೇಕು.

ಕರೆಂಟು ಹೋದರೆ? ಮಡಕೆಯಲ್ಲಿ ಬೂದಿ ಹಾಕಿ. ಹೊಗೆ ಆರಿದ ಕೆಂಡ ಇಡಿ. ಮೇಲೆ ಮತ್ತೆ ತೆಳ್ಳಗೆ ಬೂದಿ ಮುಚ್ಚಿ. ಮಡಕೆಯನ್ನು ತಟ್ಟಿಯ ನಡುವೆ ಇಡಿ. ಕಿಟಕಿ ತೆರೆದಿರಲಿ. ಕೆಂಡದ ಗಾಳಿ ಮುಚ್ಚಿದ ಕೋಣೆಯಲ್ಲಿ ಪಿಳ್ಳೆಯನ್ನೂ ಕೊಲ್ಲುತ್ತದೆ, ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಮನೆಯಲ್ಲಿ ಕಾವಿಗೆ ಕೂತ ನಾಟಿ ಹ್ಯಾಟೆ ಇದೆಯೇ? ಹಾಗಾದರೆ ಕೆಲಸ ಸುಲಭ. ಕೊಂಡು ತಂದ ಒಂದು ದಿನದ ಪಿಳ್ಳೆಗಳನ್ನು ರಾತ್ರಿ ಕತ್ತಲಲ್ಲಿ ಅದರ ರೆಕ್ಕೆ ಕೆಳಗೆ ಬಿಡಿ. ಎಷ್ಟೋ ಹ್ಯಾಟೆಗಳು ಬೆಳಿಗ್ಗೆ ತನ್ನವೇ ಅಂತ ಒಪ್ಪಿಕೊಳ್ಳುತ್ತವೆ. ಎಂಟು ಹತ್ತಕ್ಕಿಂತ ಹೆಚ್ಚು ಬಿಡಬೇಡಿ. ಕುಕ್ಕಿದರೆ ಕೂಡಲೇ ತೆಗೆಯಿರಿ.

ಪಿಳ್ಳೆಗಳೇ ಹೇಳುತ್ತವೆ

ಮೊದಲ ವಾರ ಪಿಳ್ಳೆಗೆ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರ ವಾರ ಸ್ವಲ್ಪ ಕಡಿಮೆ ಮಾಡಬೇಕು. ಬಲ್ಬನ್ನು ವಾರಕ್ಕೆ ನಾಲ್ಕು ಬೆರಳು ಮೇಲೆತ್ತಿ. ಬಿಸಿ ಅಳೆಯೋದು ಹೇಗೆ? ಪಿಳ್ಳೆಗಳನ್ನು ನೋಡಿದರೆ ಸಾಕು.

ಬಲ್ಬಿನ ಕೆಳಗೆ ಒತ್ತಿಕೊಂಡು ಚೀಂವ್ ಚೀಂವ್ ಅಂತ ಕೂಗಿದರೆ, ಚಳಿ. ಬಲ್ಬು ಇಳಿಸಿ.

ದೂರ ಸರಿದು ಬಾಯಿ ತೆರೆದು ತೇಕಿದರೆ, ಸೆಕೆ. ಬಲ್ಬು ಮೇಲೆತ್ತಿ.

ಒಂದೇ ಬದಿಗೆ ಗುಂಪಾದರೆ, ಇನ್ನೊಂದು ಬದಿಯಿಂದ ಗಾಳಿ ಬೀಸುತ್ತಿದೆ. ಗೋಣಿ ಕಟ್ಟಿ.

ಎಲ್ಲ ಕಡೆ ಹರಡಿಕೊಂಡು ಮೇಯುತ್ತಾ, ಮಲಗುತ್ತಾ ಇದ್ದರೆ, ಸರಿಯಾಗಿದೆ. ನೀವೂ ಹೋಗಿ ಮಲಗಿ.

ಮಳೆ ಚಳಿ ಇದ್ದರೆ ನಾಲ್ಕು ವಾರ ಬಿಸಿ ಕೊಡಬೇಕು.

ನೀರು ಮತ್ತು ಆಹಾರ

ಪಿಳ್ಳೆ ಬಂದ ಕೂಡಲೇ ಮೊದಲು ನೀರು ಕೊಡಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ನಿಂಬೆ ಗಾತ್ರದ ಬೆಲ್ಲ ಕರಗಿಸಿ. ಒಂದೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸಿ. ಆಗ ಕುಡಿಯುವುದು ಕಲಿಯುತ್ತವೆ. ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿಡಿ. ಇಲ್ಲದಿದ್ದರೆ ಪಿಳ್ಳೆ ನೀರಿಗೆ ಬಿದ್ದು ನೆನೆದು ಸಾಯುತ್ತದೆ.

ಎರಡು ಮೂರು ಗಂಟೆ ಆದ ಮೇಲೆ ಮೆಕ್ಕೆಜೋಳದ ಸಣ್ಣ ನುಚ್ಚು ಕೊಡಿ. ಮಾರನೇ ದಿನದಿಂದ ಪಿಳ್ಳೆ ಆಹಾರ ಕೊಡಿ. ಬರೀ ನುಚ್ಚು ತಿಂದರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಅಂಗಡಿ ಆಹಾರ ದುಬಾರಿ ಆದರೆ ಮನೆಯಲ್ಲೇ ಕಲಸಬಹುದು. ಸೇರಿನಲ್ಲಿ ಅಳೆಯಬೇಡಿ, ತೂಕ ಮಾಡಿ. 10 ಕಿಲೋಗೆ ಲೆಕ್ಕ ಹೀಗೆ:

ಮೆಕ್ಕೆಜೋಳದ ನುಚ್ಚು – 5 ಕಿಲೋ
ಕಡಲೆಕಾಯಿ ಹಿಂಡಿ – 3 ಕಿಲೋ
ಅಕ್ಕಿ ತೌಡು – 1 ಕಿಲೋ
ಉಪ್ಪು ಹಾಕದ ಒಣಮೀನಿನ ಪುಡಿ – 1 ಕಿಲೋ

ಇದಕ್ಕೆ ಕೋಳಿಗೆ ಅಂತಲೇ ಸಿಗುವ ಖನಿಜ ಪುಡಿ ಸೇರಿಸಿ. ಎಷ್ಟು ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಓದಿ ಹಾಕಿ. ಉಪ್ಪಿನ ಮೀನು ಹಾಕಬೇಡಿ. ಉಪ್ಪು ಹೆಚ್ಚಾದರೆ ಪಿಳ್ಳೆ ಸಾಯುತ್ತವೆ. ಬೂಷ್ಟು ಹಿಡಿದ ಹಿಂಡಿಯೂ ಬೇಡ. ಆ ಬೂಷ್ಟು ವಿಷ.

ಎರಡು ತಿಂಗಳಾದ ಮೇಲೆ ಹಿತ್ತಿಲಿಗೆ ಬಿಡಿ. ಹುಳು, ಗೆದ್ದಲು, ಕಾಳು, ಸೊಪ್ಪು ತಾವೇ ಹುಡುಕುತ್ತವೆ. ನುಗ್ಗೆ ಸೊಪ್ಪು ಕಟ್ಟಿ ಇಳಿಬಿಡಿ. ಸಂಜೆ ಒಂದೊಂದಕ್ಕೂ ಒಂದು ಹಿಡಿ ಕಾಳು ಕೊಡಿ. ಕಾಳಿನ ಆಸೆಗೆ ಹೊತ್ತಿಗೆ ಸರಿಯಾಗಿ ಗೂಡಿಗೆ ಬರುತ್ತವೆ.

ಲಸಿಕೆ ಮರೆಯಬೇಡಿ

ಹಿತ್ತಿಲ ಕೋಳಿಗೆ ದೊಡ್ಡ ಶತ್ರು ಕೊಕ್ಕರೆ ರೋಗ. ಹಸಿರು ಭೇದಿ ಆಗುತ್ತದೆ. ರೆಕ್ಕೆ ಇಳಿಬೀಳುತ್ತದೆ. ಕತ್ತು ತಿರುಚುತ್ತದೆ. ಒಂದು ವಾರದಲ್ಲಿ ಊರಿನ ಕೋಳಿಯೆಲ್ಲ ಖಾಲಿ ಆಗಬಹುದು. ರೋಗ ಬಂದ ಮೇಲೆ ಔಷಧ ಇಲ್ಲ. ಬರುವ ಮೊದಲೇ ಲಸಿಕೆ ಹಾಕಿಸಬೇಕು.

7ನೇ ದಿನ – ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೆ ಒಂದು ಹನಿ
14ನೇ ದಿನ – ಗಂಬೋರೊ ರೋಗದ ಲಸಿಕೆ
28ನೇ ದಿನ – ಕೊಕ್ಕರೆ ರೋಗದ ಲಸಿಕೆ, ಎರಡನೇ ಸಲ
6ನೇ ವಾರ – ಕೋಳಿ ಸಿಡುಬಿನ ಲಸಿಕೆ
8ರಿಂದ 10ನೇ ವಾರ – ಕೊಕ್ಕರೆ ರೋಗಕ್ಕೆ ಸೂಜಿ

ಇಲ್ಲಿ ಒಂದು ತೊಡಕು ಇದೆ. ಒಂದು ಸೀಸೆ ಲಸಿಕೆ ನೂರು ಕೋಳಿಗಾದರೂ ಆಗುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ತಣ್ಣಗೇ ಇಡಬೇಕು. ಐದು ಪಿಳ್ಳೆ ಇರುವ ಅಕ್ಕ ಒಬ್ಬಳೇ ಹೋದರೆ ಸೀಸೆ ಒಡೆಯಲು ಯಾರೂ ಒಪ್ಪುವುದಿಲ್ಲ.

ನಾವು ಏನು ಮಾಡಿದೆವು? ಎಂಟು ಮನೆಯವರು ಒಂದೇ ದಿನ ಪಿಳ್ಳೆ ತಂದೆವು. ತಾರೀಖನ್ನು ಕೇಂದ್ರದ ಗೋಡೆ ಮೇಲೆ ಬರೆದೆವು. ಆ ದಿನ ಬೆಳಿಗ್ಗೆ ಎಲ್ಲರೂ ಬುಟ್ಟಿ ಹೊತ್ತು ಒಂದೇ ಕಡೆ ಸೇರಿದೆವು. ಲಸಿಕೆ ಹಾಕುವವರು ನಮ್ಮೂರಿಗೇ ಬಂದರು. ಒಂದು ಸೀಸೆ, ಎಂಟು ಮನೆ, ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು.

ಮೂರು ತಿಂಗಳಿಗೊಮ್ಮೆ ಜಂತು ಔಷಧವನ್ನೂ ಕೇಳಿ ಹಾಕಿ. ಹೊಟ್ಟು ಒದ್ದೆ ಆಗಲು ಬಿಡಬೇಡಿ. ಒದ್ದೆ ಹೊಟ್ಟಿನಿಂದ ಪಿಳ್ಳೆಗೆ ರಕ್ತ ಭೇದಿ ಬರುತ್ತದೆ. ಹಿತ್ತಿಲ ಮೂಲೆಯಲ್ಲಿ ಬೂದಿ ಗುಂಡಿ ಮಾಡಿ. ಕೋಳಿ ಅದರಲ್ಲಿ ಹೊರಳಿದರೆ ಹೇನು ಕಡಿಮೆ ಆಗುತ್ತವೆ.

ಒಮ್ಮೆಲೇ ಹಲವು ಕೋಳಿ ಸತ್ತರೆ ಮುಚ್ಚಿಡಬೇಡಿ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಹಕ್ಕಿ ಜ್ವರ ಬಂದಿತ್ತು. ಇಂಥ ರೋಗ ಮನುಷ್ಯರಿಗೂ ಅಂಟಬಹುದು. ಸತ್ತ ಕೋಳಿಯನ್ನು ತಿನ್ನಬೇಡಿ. ಮಾರಬೇಡಿ. ಕೆರೆಗೆ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ.

ರಾತ್ರಿ ಗೂಡು

ಹತ್ತು ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು. ನೆಲದಿಂದ ಎರಡು ಅಡಿ ಎತ್ತರದಲ್ಲಿ ಇರಲಿ. ಸಣ್ಣ ಕಣ್ಣಿನ ತಂತಿ ಬಲೆ ಹಾಕಿ. ಹೆಬ್ಬೆರಳು ತೂರುವಷ್ಟು ಸಂದು ಇದ್ದರೂ ಹಾವು ಬರುತ್ತದೆ. ಕೈ ತೂರುವಷ್ಟು ಇದ್ದರೆ ಮುಂಗುಸಿ ಬರುತ್ತದೆ. ಮೊಟ್ಟೆ ಇಡಲು ಕತ್ತಲ ಮೂಲೆಯಲ್ಲಿ ಹುಲ್ಲು ಹಾಕಿದ ಬುಟ್ಟಿ ಇಡಿ. ನಾಲ್ಕೈದು ಹ್ಯಾಟೆಗೆ ಒಂದು ಬುಟ್ಟಿ.

ಮೊಟ್ಟೆ ಇಡಲು ಹುಂಜ ಬೇಕಿಲ್ಲ. ಮರಿ ಮಾಡಿಸಬೇಕಾದರೆ ಮಾತ್ರ ಹುಂಜ ಬೇಕು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು.

ಲೆಕ್ಕ ಬರೆಯೋಣ

ಆ ಅಕ್ಕನ ಕತೆ ಏನಾಯಿತು? ಉಳಿದ ಏಳು ಕೋಳಿ ದೊಡ್ಡವಾದ ಮೇಲೆ ಮಾರಿದರು. ಸಂಘದ ಸಾಲಕ್ಕೆ ಕಟ್ಟಿದರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಇಪ್ಪತ್ತು ಪಿಳ್ಳೆ ತಂದರು. ಈ ಸಲ ಕೈ ಹಿಡಿದು ನೋಡಿ ಬಲ್ಬು ಕಟ್ಟಿದರು. ಹದಿನೇಳು ಉಳಿದವು. ಒಂಬತ್ತು ಹ್ಯಾಟೆ, ಎಂಟು ಹುಂಜ. ಜೂನ್ ತಿಂಗಳಲ್ಲಿ ಏಳು ಹುಂಜ ಮಾರಿದರು. ಮಗಳು ಕಾಲೇಜಿಗೆ ಸೇರಿದಳು.

ಆರು ತಿಂಗಳ ಹೊತ್ತಿಗೆ ಮೊಟ್ಟೆ ಶುರುವಾಯಿತು. ಅವರು ಹಾಕಿದ ಅಂದಾಜು ಇದು. ನೀವೂ ಹಾಕಿ ನೋಡಿ:

ಹ್ಯಾಟೆ 9. ಒಂದಕ್ಕೆ ವರ್ಷಕ್ಕೆ 130 ಮೊಟ್ಟೆ.
9 × 130 = 1170 ಮೊಟ್ಟೆ.
ಇಬ್ಬರು ಮಕ್ಕಳಿಗೆ ದಿನಕ್ಕೆ ಒಂದೊಂದು. 2 × 365 = 730.
ಮಾರಲು ಉಳಿಯುವುದು 1170 – 730 = 440 ಮೊಟ್ಟೆ.

ಮೊದಲು ಮಕ್ಕಳಿಗೆ, ಆಮೇಲೆ ಅಂಗಡಿಗೆ. ಇದು ಅವರು ಮಾಡಿದ ಕಟ್ಟಳೆ. ನಮಗೂ ಒಪ್ಪಿಗೆ ಆಯಿತು. ತಾಯಿಯೂ ಮೊಟ್ಟೆ ತಿನ್ನಬೇಕು ಅಂತ ನಾವು ಒಂದು ಮಾತು ಸೇರಿಸಿದೆವು. ಅಕ್ಕ ನಕ್ಕರು.

ಒಂದು ಪುಸ್ತಕ ಇಡಿ. ಪಿಳ್ಳೆ ತಂದ ತಾರೀಖು, ಲಸಿಕೆ ತಾರೀಖು, ಸತ್ತದ್ದು ಎಷ್ಟು, ಯಾಕೆ, ಮೊಟ್ಟೆ ಎಷ್ಟು, ಖರ್ಚು ಎಷ್ಟು, ಬಂದದ್ದು ಎಷ್ಟು. ಎಲ್ಲ ನೀವೇ ಬರೆಯಿರಿ. ನಿಮ್ಮ ಕೈಬರಹದ ಲೆಕ್ಕ ಇದ್ದರೆ ಕೋಳಿ ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ನಿಮ್ಮನ್ನು ಗದರಿಸಲಾಗದು.

ಆ ಅಕ್ಕನ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದೆ: "ಕೈ ಹಿಡಿದು ನೋಡು." ಈಗ ಸಂಜೆ ಗೂಡಿನ ಬಾಗಿಲು ಹಾಕುವವರು ಅವರ ಅತ್ತೆ. ಎಣಿಸಿ ಹಾಕುತ್ತಾರೆ. ಒಂದು ಕಡಿಮೆ ಆದರೆ ಬೇಲಿ ಸುತ್ತಾ ಹುಡುಕುತ್ತಾರೆ.

ಓದಿ, ಉತ್ತರ ಹೇಳಿ

1. ಹದಿಮೂರು ಪಿಳ್ಳೆ ಯಾಕೆ ಸತ್ತವು?
2. ಪಿಳ್ಳೆಗೆ ಚಳಿ ಆಗಿದೆ ಅಂತ ಹೇಗೆ ತಿಳಿಯುತ್ತದೆ?
3. ಮೊದಲ ಲಸಿಕೆ ಎಷ್ಟನೇ ದಿನ ಹಾಕಿಸಬೇಕು?
4. ಎಂಟು ಮನೆಯವರು ಒಂದೇ ದಿನ ಪಿಳ್ಳೆ ತಂದದ್ದು ಯಾಕೆ?
5. ನಿಮ್ಮ ಮನೆಯಲ್ಲಿ 6 ಹ್ಯಾಟೆ ಇದ್ದರೆ ವರ್ಷಕ್ಕೆ ಎಷ್ಟು ಮೊಟ್ಟೆ? ಲೆಕ್ಕ ಹಾಕಿ ಬರೆಯಿರಿ.